ತಲೆಯೊಳಗಿನ ಗದ್ದಲ: ನಂಬೋಣ, ಜೊತೆಗಿರೋಣ

(ಮಹಿಳಾ ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳು)



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಕಡೆಯಿಂದ ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಪ್ರತಿ ಸಭೆಯಲ್ಲಿ ಉಳಿತಾಯ, ಸಾಲ, ಮರುಪಾವತಿ ಅಂತ ಮಾತಾಡುತ್ತೇವೆ. ಇವತ್ತು ಠರಾವು ಪುಸ್ತಕದಲ್ಲಿ ಎಂದೂ ಬರೆಯದ ಒಂದು ವಿಷಯ ಮಾತಾಡೋಣ. ಮೊದಲು ನಾವು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇವೆ.

ನಮ್ಮ ಒಂದು ಸಂಘದಲ್ಲಿ ಒಬ್ಬ ಅಕ್ಕ ಇದ್ದಾರೆ. ಹೆಸರು, ಊರು ಬೇಡ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ನಲವತ್ತರ ಆಸುಪಾಸು ವಯಸ್ಸು. ಹತ್ತಿ ಬೀಜದ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ ಹೋಗುವವರು. ಓದು ಬರಹ ಬಾರದಿದ್ದರೂ ಸಂಘದ ಲೆಕ್ಕವನ್ನು ಬಾಯಲ್ಲೇ ಒಪ್ಪಿಸುತ್ತಿದ್ದರು. ಬರಬರುತ್ತಾ ಅವರು ಸಭೆಗೆ ಬಂದರೆ ಬಾಗಿಲ ಹತ್ತಿರವೇ ಕೂಡತೊಡಗಿದರು. ಹತ್ತು ಮಂದಿ ಒಮ್ಮೆಲೆ ಮಾತಾಡಿದರೆ ಸೆರಗನ್ನು ಕಿವಿಗೆ ಒತ್ತಿ ಹಿಡಿಯುವರು. ಟ್ಯೂಬ್‌ಲೈಟ್ ಹಾಕಿದರೆ ಕಣ್ಣು ಮುಚ್ಚುವರು. ನಡುವೆಯೇ ಎದ್ದು ಹೋಗುವರು. ಆಮೇಲೆ ಬರುವುದನ್ನೇ ಬಿಟ್ಟರು.

ನಾವು ಏನು ಮಾಡಿದೆವು? ಗೈರುಹಾಜರಿಗೆ ಐದು ರೂಪಾಯಿ ದಂಡ ಅಂತ ನಿಯಮ ಇತ್ತು, ದಂಡ ಹಾಕಿದೆವು. "ಆಕಿಗೆ ಸೊಕ್ಕು ಬಂದೈತಿ" ಅಂದೆವು. ಒಂದು ವಾರ ಉಳಿತಾಯದ ರೊಕ್ಕ ಎಣಿಸಲು ಅವರ ಕೈಗೆ ಕೊಟ್ಟಾಗ ಮೂರು ಸಲ ಎಣಿಸಿ ಮೂರು ಬೇರೆ ಬೇರೆ ಲೆಕ್ಕ ಹೇಳಿ ಅತ್ತುಬಿಟ್ಟರು. "ರೊಕ್ಕ ತಿಂದಾಳೇನೋ" ಅಂತ ಒಬ್ಬರು ಅಂದರು. ಇನ್ನೊಬ್ಬರು ಎಣಿಸಿದಾಗ ರೊಕ್ಕ ಪೂರ್ತಿ ಇತ್ತು. ಆದರೆ ಆಡಿದ ಮಾತು ಆಡಿ ಆಗಿತ್ತು.

ತಿಂಗಳಾನುಗಟ್ಟಲೆ ಆದ ಮೇಲೆ ನಾವು ಅವರ ಮನೆಗೆ ಹೋದೆವು. ಆಗ ಅವರು ಹೇಳಿದ್ದು ಹೀಗೆ:

"ಯಕ್ಕಾ, ಹಿಟ್ಟಿನ ಗಿರಣಿ ಸದ್ದು ಕಿವ್ಯಾಗ ಅಲ್ಲ, ತಲಿಯಾಗ ಬಡದಂಗ ಆಕ್ಕೈತಿ. ಬಿಸಲು ಕಣ್ಣಾಗ ಚುಚ್ಚತೈತಿ. ಒಗ್ಗರಣಿ ವಾಸನಿ ಬಂದ್ರ ಹೊಟ್ಟಿ ತೊಳಸತೈತಿ. ಮಂದಿ ಮಾತಾಡೂದು ಕೇಳತೈತಿ, ತಿಳಿಯಂಗಿಲ್ಲ. ಒಲಿ ಮುಂದ ಕುಂತು, ಏನ್ ಮಾಡಾಕ ಕುಂತೆ ಅನ್ನೂದ ಮರತು ಹೋಕ್ಕೈತಿ. ಹೇಳಿದ್ರ ಯಾರೂ ನಂಬಂಗಿಲ್ಲ."

ಮನೆಯವರು ಮೊದಲು ಗಾಳಿ ಸೋಕೈತಿ ಅಂದರು. ತಾಯತ ಕಟ್ಟಿಸಿದರು. ಎರಡು ಆಡು ಮಾರಿ ಒಂದು ಆಸ್ಪತ್ರೆಯಲ್ಲಿ ರಕ್ತ ತೋರಿಸಿ, ತಲೆಯ ಸ್ಕ್ಯಾನ್ ಮಾಡಿಸಿದರು. "ರಿಪೋರ್ಟ್ ನಾರ್ಮಲ್, ಏನೂ ಇಲ್ಲ" ಅಂದರು ಅಲ್ಲಿ. ಆ ಮಾತಿನಿಂದ ಅಕ್ಕನಿಗೆ ಸಮಾಧಾನ ಆಗಲಿಲ್ಲ. ಮನೆಯವರಿಗೆ ಮಾತ್ರ ಅದೇ ಸಾಕ್ಷಿ ಆಯಿತು. "ನೋಡು, ಏನೂ ಇಲ್ಲ ಅಂತ ಡಾಕ್ಟರೇ ಹೇಳ್ಯಾರ. ಎಲ್ಲಾ ನಾಟಕ" ಅಂದರು. ಅಂದಿನಿಂದ ಅವರು ಬಾಯಿ ಮುಚ್ಚಿದರು. "ಬದುಕೇ ಬ್ಯಾಡ ಅನಿಸಿತ್ತು ಯಕ್ಕಾ" ಅಂತ ಅವರು ಹೇಳಿದಾಗ, ನಾವು ಹಾಕಿದ ಐದು ರೂಪಾಯಿ ದಂಡ ನಮಗೇ ಚುಚ್ಚಿತು.

ಇದು ಏನು?

ನಮ್ಮ ಮಿದುಳು ಹಿಟ್ಟಿನ ಸಾಣಿಗಿ ಇದ್ದಂತೆ. ಈಗ ಈ ಸಭೆಯಲ್ಲಿ ಫ್ಯಾನ್ ತಿರುಗುವ ಸದ್ದು ಐತಿ, ಹೊರಗೆ ಟ್ರ್ಯಾಕ್ಟರ್ ಸದ್ದು ಐತಿ, ಮಗು ಅಳುತ್ತಿದೆ, ಬಳೆ ಕೈಗೆ ತಾಗುತ್ತಿದೆ. ಇದೆಲ್ಲ ನಿಮ್ಮ ಮಿದುಳಿಗೆ ಮುಟ್ಟುತ್ತಲೇ ಇದೆ. ಆದರೆ ಅದು ಬೇಡವಾದದ್ದನ್ನು ತಡೆದು, ಬೇಕಾದದ್ದನ್ನಷ್ಟೇ ಒಳಗೆ ಬಿಡುತ್ತದೆ. ಅದಕ್ಕೇ ನಮ್ಮ ಮಾತು ನಿಮಗೆ ಕೇಳಿಸುತ್ತಿದೆ.

ಸಾಣಿಗಿ ಹರಿದರೆ ಹಿಟ್ಟಿನ ಜೊತೆ ತೌಡು, ಕಲ್ಲು ಎಲ್ಲಾ ಬೀಳುತ್ತದೆ. ಹಾಗೆಯೇ ದಣಿವಿನಿಂದಲೋ, ಕಾಯಿಲೆಯಿಂದಲೋ, ಭಯದಿಂದಲೋ ಈ ಸೋಸುವ ಕೆಲಸ ಕೆಟ್ಟರೆ ಸದ್ದು, ಬೆಳಕು, ವಾಸನೆ, ಮುಟ್ಟಿದ್ದು ಎಲ್ಲವೂ ಒಮ್ಮೆಲೆ ನುಗ್ಗುತ್ತವೆ. ಅಷ್ಟೊಂದು ನುಗ್ಗಿದ ಮೇಲೆ ಯೋಚನೆ ಮಾಡಲು ಜಾಗ ಎಲ್ಲಿ ಉಳಿಯುತ್ತದೆ? ತಲೆ ಗೊಂದಲ ಆಗುತ್ತದೆ, ಲೆಕ್ಕ ತಪ್ಪುತ್ತದೆ, ಮಾತು ಬಾಯಿಗೆ ಬರುವುದಿಲ್ಲ. ಇದು ಸೊಕ್ಕು ಅಲ್ಲ, ನಾಟಕ ಅಲ್ಲ, ದೆವ್ವವೂ ಅಲ್ಲ.

ಮೊದಲು ಶರೀರ ತೋರಿಸಿ

ಈ ಕಷ್ಟಕ್ಕೆ ಒಂದೇ ಕಾರಣ ಅಂತಿಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಕೆಲವನ್ನು ಹೇಳುತ್ತೇವೆ.

ಒಂದು, ಮೈಗ್ರೇನ್. ನಮ್ಮ ಕಡೆ ಅರೆತಲೆ ನೋವು ಅನ್ನುತ್ತೇವೆ. ಇದು ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮುಟ್ಟಿನ ದಿನಗಳ ಹಿಂದೆ ಮುಂದೆ ಜೋರಾಗುತ್ತದೆ. ಬೆಳಕು, ಸದ್ದು, ವಾಸನೆ ಸಹಿಸಲು ಆಗುವುದಿಲ್ಲ. ತಲೆನೋವು ಹೆಚ್ಚು ಇಲ್ಲದೆಯೂ ಬರಬಹುದು. ಸ್ಕ್ಯಾನ್‌ನಲ್ಲಿ ಇದು ಕಾಣುವುದಿಲ್ಲ. ಕಿರಾಣಿ ಅಂಗಡಿಯ ನೋವಿನ ಗುಳಿಗೆಯನ್ನು ತಿಂಗಳಲ್ಲಿ ಹತ್ತು ಹದಿನೈದು ದಿನ ನುಂಗುತ್ತಿದ್ದರೆ ಆ ಗುಳಿಗೆಯೇ ತಲೆನೋವು ಬೆಳೆಸುತ್ತದೆ.

ಎರಡು, ಕೊರತೆಗಳು. ರಕ್ತ ಕಡಿಮೆ ಇರುವುದು, ಥೈರಾಯಿಡ್ ಏರುಪೇರು, ಬಿ-12 ಜೀವಸತ್ವದ ಕೊರತೆ. ಇವು ಮೂರೂ ದಣಿವು, ಮರೆವು, ಮಂಕು ತರುತ್ತವೆ. ಮೂರಕ್ಕೂ ರಕ್ತ ಪರೀಕ್ಷೆ ಐತಿ, ಮೂರಕ್ಕೂ ಔಷಧ ಐತಿ. "ರಕ್ತ ತೋರಿಸಿದೆವು" ಅಂದರೆ ಸಾಲದು. ಈ ಮೂರನ್ನೂ ನೋಡಿದರೇ ಅಂತ ಕೇಳಿ. ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವವರು ಊಟ ತಪ್ಪಿಸಿದರೂ ಒಮ್ಮೆಲೆ ಬೆವರಿ, ನಡುಗಿ, ತಬ್ಬಿಬ್ಬಾಗುತ್ತಾರೆ. ಅಂಥವರಿಗೆ ಎಚ್ಚರ ಇದ್ದರೆ ಕೂಡಲೇ ಸಕ್ಕರೆ ನೀರು ಅಥವಾ ಬೆಲ್ಲ ಕೊಡಬೇಕು.

ಮೂರು, ಹೊಲದ ಎಣ್ಣೆ. ಗಂಗಾವತಿಯ ಭತ್ತದ ಗದ್ದೆ ಇರಲಿ, ಕುಷ್ಟಗಿ ಕಡೆಯ ಬೀಜದ ಹೊಲ ಇರಲಿ, ಎಣ್ಣೆ ಹೊಡೆದ ಬೆಳೆಯಲ್ಲಿ ನಾವು ಕೈ ಆಡಿಸುತ್ತೇವೆ, ಅದೇ ಕೈಯಲ್ಲಿ ರೊಟ್ಟಿ ತಿನ್ನುತ್ತೇವೆ. ಕೆಲವು ಕೀಟನಾಶಕಗಳು ಚರ್ಮದಿಂದಲೇ ಒಳಗೆ ಹೋಗಿ ನರಗಳನ್ನು ಕೆಡಿಸುತ್ತವೆ. ತಲೆಸುತ್ತು, ಕಣ್ಣು ಮಂಜು, ಬೆವರು, ಬಾಯಲ್ಲಿ ಜೊಲ್ಲು, ಗೊಂದಲ ಕಂಡರೆ ಆ ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಮೈ ತೊಳೆದು, ಎಣ್ಣೆಯ ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಬೇಕು.

ನಾಲ್ಕು, ತಲೆಗೆ ಬಿದ್ದ ಪೆಟ್ಟು. ಇದನ್ನು ಹೇಳಲು ನಾಚಿಕೆ ಪಡುತ್ತೇವೆ. ಬಿದ್ದು ಪೆಟ್ಟಾಗಿರಬಹುದು, ಗಂಡ ಹೊಡೆದಿರಬಹುದು. ಗಾಯ ಮಾಯ್ದರೂ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಸದ್ದು ಬೆಳಕು ತಡೆಯದೇ ಹೋಗಬಹುದು. ಡಾಕ್ಟರ ಮುಂದೆ "ಬಚ್ಚಲದಾಗ ಜಾರಿ ಬಿದ್ದೆ" ಅಂತ ಸುಳ್ಳು ಹೇಳಿದರೆ ನಮಗೇ ನಷ್ಟ. ಹೊಡೆತ ಇದ್ದರೆ 181 ಮಹಿಳಾ ಸಹಾಯವಾಣಿಗೆ ಹೇಳಿ.

ಐದು, ನಿದ್ದೆಗೇಡು. ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಬಂದರೆ ರಾತ್ರಿಯೇ ನೀರು ಬಿಡಬೇಕು. ಮುಂಜಾನೆ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯಬೇಕು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಬಿಸಿಯೇರಿ ಇರುವ ನಿದ್ದೆಯೂ ಹೋಗುತ್ತದೆ. ನಿದ್ದೆ ಇಲ್ಲದ ಮಿದುಳಿನಲ್ಲಿ ಸಾಣಿಗಿ ಬೇಗ ಹರಿಯುತ್ತದೆ.

ಮನಸ್ಸಿನ ಕಾಯಿಲೆಯೂ ಕಾಯಿಲೆಯೇ

ಶರೀರದಲ್ಲಿ ಕಾರಣ ಸಿಗದಿದ್ದರೆ ಮನಸ್ಸಿನ ಡಾಕ್ಟರಿಗೆ ತೋರಿಸಬೇಕು. "ಅಂದ್ರ ನಾನು ಹುಚ್ಚಿ ಏನ್ರೀ?" ಅಂತ ಕೇಳುತ್ತಾರೆ. ಅಲ್ಲ. ಆತಂಕ ಹೆಚ್ಚಾದವರಿಗೆ ಸಣ್ಣ ಸದ್ದಿಗೂ ಎದೆ ಹೊಡೆದುಕೊಳ್ಳುತ್ತದೆ. ಖಿನ್ನತೆ ಇರುವವರಿಗೆ ಯೋಚನೆ ಮಂದವಾಗಿ, ಎರಡು ರೊಟ್ಟಿ ಬಡಿಯುವುದೂ ಗುಡ್ಡ ಹೊತ್ತಂತೆ ಆಗುತ್ತದೆ. ಇನ್ನು ಕೆಲವರಿಗೆ ಯಾರೂ ಇಲ್ಲದಿದ್ದರೂ ದನಿ ಕೇಳಿಸುತ್ತದೆ, ಎಲ್ಲರೂ ತಮ್ಮ ಬಗ್ಗೆಯೇ ಮಾತಾಡುತ್ತಿದ್ದಾರೆ ಅನಿಸುತ್ತದೆ. ಇದನ್ನು ಎಷ್ಟು ಬೇಗ ತೋರಿಸಿದರೆ ಅಷ್ಟು ಒಳ್ಳೆಯದು.

ಚಿಕ್ಕ ಮಕ್ಕಳ ಮಾತೂ ಹೇಳಬೇಕು. ಕುಕ್ಕರ್ ಸೀಟಿಗೆ, ಡಿಜೆ ಸದ್ದಿಗೆ ಕಿವಿ ಮುಚ್ಚಿ ಚೀರುವ, ಕಣ್ಣಲ್ಲಿ ಕಣ್ಣಿಟ್ಟು ನೋಡದ, ಮಾತು ತಡವಾದ ಮಗುವನ್ನು "ಹಟಮಾರಿ" ಅಂತ ಬಡಿಯಬೇಡಿ. ಅದು ಆಟಿಸಂ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಆಟಿಸಂ ಮತ್ತು ಮಾನಸಿಕ ಕಾಯಿಲೆ ಎರಡೂ ಸೇರಿವೆ. ಅಂಗನವಾಡಿ ಅಕ್ಕನಿಗೆ, ಆಶಾ ಕಾರ್ಯಕರ್ತೆಗೆ ತಿಳಿಸಿ.

ಇಲ್ಲಿ ತಡ ಮಾಡಬೇಡಿ

ಈ ಕೆಳಗಿನವು ಕಂಡರೆ ನಾಳೆ ನೋಡೋಣ ಅನ್ನಬಾರದು. 108ಕ್ಕೆ ಫೋನ್ ಮಾಡಿ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಬೇಕು.

- ಜ್ವರದ ಜೊತೆ ಗೊಂದಲ, ಕುತ್ತಿಗೆ ಬಿಗಿ, ಎಚ್ಚರ ತಪ್ಪುವುದು.
- ಒಮ್ಮೆಲೆ ಬಾಯಿ ಸೊಟ್ಟ ಆಗುವುದು, ಒಂದು ಕೈ ಕಾಲು ಬಲ ಕಳೆದುಕೊಳ್ಳುವುದು, ಮಾತು ತೊದಲುವುದು.
- ಫಿಟ್ಸ್ ಬರುವುದು. ಬಾಯಿಗೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ, ಒಂದು ಮಗ್ಗುಲಿಗೆ ಮಲಗಿಸಿ.
- ಬಿಸಿಲಿನಲ್ಲಿ ದುಡಿದು ಮೈ ಕಾದು ತಬ್ಬಿಬ್ಬಾಗುವುದು. ಆಂಬುಲೆನ್ಸ್ ಬರುವವರೆಗೆ ನೆರಳಿಗೆ ಒಯ್ದು ಮೈಗೆ ನೀರು ಹಾಕಿ ಗಾಳಿ ಬೀಸಿ.
- ದಿನಾ ಕುಡಿಯುವ ಗಂಡಸು ಒಮ್ಮೆಲೆ ಕುಡಿತ ಬಿಟ್ಟು ಎರಡು ಮೂರು ದಿನದಲ್ಲಿ ನಡುಗುವುದು, ಇಲ್ಲದ್ದು ಕಾಣುವುದು.
- ಹೆರಿಗೆಯಾದ ಕೆಲವೇ ದಿನಗಳಲ್ಲಿ ಬಾಣಂತಿ ನಿದ್ದೆ ಬಿಟ್ಟು, ಏನೇನೋ ಮಾತಾಡಿ, ಮಗುವನ್ನೇ ಗುರುತಿಸದಂತೆ ಆಗುವುದು. ಸಾವಿರ ಹೆರಿಗೆಗೆ ಒಬ್ಬರು ಇಬ್ಬರಿಗೆ ಇದು ಬರುತ್ತದೆ. ಬಾಣಂತಿ ಸನ್ನಿ ಅಂತ ಕೋಣೆಯಲ್ಲಿ ಕೂಡಿಹಾಕಿದರೆ ತಾಯಿ ಮಗು ಇಬ್ಬರಿಗೂ ಅಪಾಯ. ಚಿಕಿತ್ಸೆ ಕೊಟ್ಟರೆ ಗುಣವಾಗುತ್ತದೆ.
- ಸಾಯಬೇಕು ಅನಿಸುತ್ತೈತಿ ಎಂದು ಯಾರೇ ಹೇಳುವುದು. ಅಂಥವರನ್ನು ಒಂಟಿಯಾಗಿ ಬಿಡಬೇಡಿ.

ಎಲ್ಲಿಗೆ ಹೋಗಬೇಕು?

"ಇಂಥಾ ಡಾಕ್ಟರು ಬೆಂಗಳೂರಾಗ ಇರ್ತಾರ, ನಮಗೆಲ್ಲಿ?" ಅಂತ ಅನ್ನಬೇಡಿ. ಈ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಹೆಮ್ಮೆ ಐತಿ. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆಯವರು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಆಗ ನಾವಿನ್ನೂ ರಾಯಚೂರು ಜಿಲ್ಲೆಯಲ್ಲಿದ್ದೆವು. ಮನಸ್ಸಿನ ಡಾಕ್ಟರು ಊರೂರಿಗೆ ಸಿಗುವುದಿಲ್ಲ, ಹಾಗಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ಕಲಿಸೋಣ, ಔಷಧ ಅಲ್ಲೇ ಕೊಡೋಣ ಎಂಬುದು ಆ ಪ್ರಯೋಗ. ಸುಮಾರು 20 ಲಕ್ಷ ಜನರಿದ್ದ ಜಿಲ್ಲೆಯಲ್ಲಿ ಇದು ಆಗುವ ಕೆಲಸ ಎಂದು ಕಂಡಿತು. ಆ ಬಳ್ಳಾರಿ ಮಾದರಿಯನ್ನೇ ಇಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಹೊಳೆಯ ಆಚೆ ದಂಡೆಯಲ್ಲಿ ಹುಟ್ಟಿದ್ದು ಇಡೀ ದೇಶಕ್ಕೆ ದಾರಿ ತೋರಿಸಿತು.

ನಮ್ಮ ರಾಜ್ಯದಲ್ಲಿ 2014ರಿಂದ ಮನೋಚೈತನ್ಯ ಎಂಬ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ತಾಲೂಕು ಆಸ್ಪತ್ರೆಗಳಿಗೆ ಮನಸ್ಸಿನ ಡಾಕ್ಟರು ಬರುವ ವ್ಯವಸ್ಥೆ ಮಾಡಿದರು. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋಗಿ. ಕುಕನೂರು, ಕಾರಟಗಿ, ಕನಕಗಿರಿ ಈಗ ಬೇರೆ ತಾಲೂಕುಗಳಾಗಿವೆ, ಅಲ್ಲಿನವರು ಹತ್ತಿರದ ಆಸ್ಪತ್ರೆಯಲ್ಲೇ ವಿಚಾರಿಸಿ. ಕೊಪ್ಪಳದ ಜಿಲ್ಲಾ ಆಸ್ಪತ್ರೆ ಐತಿ. ಇನ್ನೂ ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್ ಐತಿ.

ಹೋಗಲು ಆಗದಿದ್ದರೆ ಫೋನ್ ಮಾಡಿ. ಟೆಲಿ ಮಾನಸ್, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ. ಹಗಲು ರಾತ್ರಿ ಸಿಗುತ್ತದೆ, ರೊಕ್ಕ ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಸಂಘದ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಡಿ.

ಹುಲಿಗೆಮ್ಮನಿಗೆ ಹರಕೆ ಹೊರುತ್ತೀರಿ, ದರ್ಗಾಕ್ಕೆ ಹೋಗುತ್ತೀರಿ, ಗುಡಿಯಲ್ಲೋ ಚರ್ಚಿನಲ್ಲೋ ಪ್ರಾರ್ಥನೆ ಮಾಡಿಸುತ್ತೀರಿ. ಅದು ನಿಮ್ಮ ನಂಬಿಕೆ. ಅದರಿಂದ ಮನಸ್ಸಿಗೆ ಬಲ ಬರುತ್ತದೆ. ಆದರೆ ಅದಕ್ಕಾಗಿ ಗುಳಿಗೆ ಬಿಡಬೇಡಿ. ಹೊಡೆಯುವುದು, ಖಾರದ ಹೊಗೆ ಹಾಕುವುದು, ಕಟ್ಟಿಹಾಕುವುದು ಮಾತ್ರ ಬೇಡವೇ ಬೇಡ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿದ್ದ ರೋಗಿಗಳಿಗೆ ಓಡಲು ಆಗಲಿಲ್ಲ. 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಸರಪಳಿ ಹಾಕುವುದು ಅಪರಾಧ, ಚಿಕಿತ್ಸೆ ಪಡೆಯುವುದು ಹಕ್ಕು.

ಹೆಸರು ಸಿಗದಿದ್ದರೆ?

ಈಗ ನಮ್ಮ ಅಕ್ಕನ ಕಥೆಗೆ ಬರೋಣ. ತಾಲೂಕು ಆಸ್ಪತ್ರೆಗೆ ನಾವೇ ಜೊತೆಗೆ ಹೋದೆವು. ಹೋಗುವ ಮೊದಲು ಒಂದು ತಿಂಗಳು ಅವರ ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಳು. ಯಾವ ದಿನ ಜೋರಾಯಿತು, ಹಿಂದಿನ ರಾತ್ರಿ ನಿದ್ದೆ ಎಷ್ಟು, ಊಟ ತಪ್ಪಿತೇ, ಮುಟ್ಟು ಯಾವಾಗ, ಹೊಲದಲ್ಲಿ ಎಣ್ಣೆ ಹೊಡೆದಿದ್ದರೇ ಅಂತ. ಡಾಕ್ಟರು ಆ ಹಾಳೆಯನ್ನು ಹತ್ತು ನಿಮಿಷ ನೋಡಿದರು. ರಕ್ತ ಕಡಿಮೆ ಇದ್ದದ್ದು ಗೊತ್ತಾಯಿತು. ಕೆಲವು ದಿನದ್ದು ಮೈಗ್ರೇನ್ ಇರಬಹುದು ಅಂದರು, ಅದಕ್ಕೆ ಗುಳಿಗೆ ಕೊಟ್ಟರು. ಉಳಿದದ್ದಕ್ಕೆ ಹೀಗೆ ಹೇಳಿದರು: "ಇದಕ್ಕೆ ಹೆಸರು ನನಗೆ ಈಗ ಗೊತ್ತಾಗುತ್ತಿಲ್ಲ. ಆದರೆ ನಿಮಗೆ ಆಗುತ್ತಿರುವುದು ಖರೆ. ಮತ್ತೆ ಬರ್ರಿ, ನೋಡೋಣ."

ಎರಡು ಆಡು ಮಾರಿ ಸಿಗದ ಔಷಧ ಆ ಮಾತಿನಲ್ಲಿ ಸಿಕ್ಕಿತು ಅಂತ ಅಕ್ಕ ಹೇಳುತ್ತಾರೆ. ರಿಪೋರ್ಟ್ ನಾರ್ಮಲ್ ಅಂದರೆ ಆ ಪರೀಕ್ಷೆಯಲ್ಲಿ ಕಾಣುವ ಕಾಯಿಲೆ ಇಲ್ಲ ಅಂತ ಅರ್ಥ, ಕಷ್ಟವೇ ಇಲ್ಲ ಅಂತಲ್ಲ. ಹೆಸರು ಸಿಗುವವರೆಗೂ ಬದುಕಬೇಕಲ್ಲ. ಅವರು ಕಂಡುಕೊಂಡ ದಾರಿ ಇವು:

- ಒಂದು ಹೊತ್ತಿಗೆ ಒಂದೇ ಕೆಲಸ. ರೊಟ್ಟಿ ಬಡಿಯುವಾಗ ಟಿವಿ ಬಂದ್.
- ಊಟ ತಪ್ಪಿಸುವುದಿಲ್ಲ, ಬರೀ ಚಹಾ ಕುಡಿದು ಹೊಲಕ್ಕೆ ಹೋಗುವುದಿಲ್ಲ. ನೀರಿನ ಬಾಟಲಿ ಜೊತೆಗೆ.
- ರಾತ್ರಿ ನೀರು ಬಿಡುವ ಕೆಲಸ ಗಂಡ ಮಗ ಹಂಚಿಕೊಂಡಿದ್ದಾರೆ. ಮಲಗುವ ಹೊತ್ತು ದಿನಾ ಒಂದೇ.
- ಗಿರಣಿಗೆ ಗದ್ದಲ ಇಲ್ಲದ ಹೊತ್ತಿನಲ್ಲಿ ಹೋಗುತ್ತಾರೆ, ಕಿವಿಗೆ ಸ್ವಲ್ಪ ಅರಳೆ ಇಟ್ಟುಕೊಳ್ಳುತ್ತಾರೆ. ಗವಿಮಠದ ಜಾತ್ರೆಗೆ ತೇರಿನ ದಿನ ಬಿಟ್ಟು ಮುಂದೆ ಒಂದು ಮುಂಜಾನೆ ಹೋಗಿ ಬಂದರು.
- ತಲೆ ತುಂಬಿತು ಅನಿಸಿದರೆ ಬೇವಿನ ನೆರಳಿನಲ್ಲಿ ಕಾಲು ಗಂಟೆ ಕೂಡುತ್ತಾರೆ, ನಿಧಾನಕ್ಕೆ ಉಸಿರು ಬಿಡುತ್ತಾರೆ. ಆಮೇಲೆ ಕೆಲಸಕ್ಕೆ ಮರಳುತ್ತಾರೆ. ಇಡೀ ದಿನ ಕತ್ತಲೆ ಕೋಣೆಯಲ್ಲಿ ಕುಳಿತರೆ ಭಯ ಇನ್ನೂ ಬೆಳೆಯುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದಾರೆ.

ಪೂರ್ತಿ ಗುಣ ಆಗಿಲ್ಲ. ಕೆಟ್ಟ ದಿನಗಳು ಈಗಲೂ ಬರುತ್ತವೆ. ಆದರೆ ಆ ದಿನ ಬಂದರೆ ಬಾಯಿ ಬಿಟ್ಟು ಹೇಳುತ್ತಾರೆ, ಮನೆಯವರು ನಂಬುತ್ತಾರೆ.

ಸಂಘ ಏನು ಮಾಡಬಹುದು?

ನಾವು ಮೂರು ಠರಾವು ಮಾಡಿದೆವು. ಒಂದು, ಕಾಯಿಲೆಯಿಂದ ಸಭೆಗೆ ಬಾರದವರಿಗೆ ದಂಡ ಇಲ್ಲ. ಮೊದಲ ವಾರವೇ ಇಬ್ಬರು ಮನೆಗೆ ಹೋಗಿ ನೋಡಿ ಬರಬೇಕು. ಎರಡು, ಆಸ್ಪತ್ರೆ ಖರ್ಚಿಗೆ ಆಕಸ್ಮಿಕ ಸಾಲ ಮೊದಲು ಕೊಡಬೇಕು, ಜೊತೆಗೆ ಒಬ್ಬರು ಹೋಗಬೇಕು. ಮೂರು, ಸಭೆಯಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಈ ಮೂರನೆಯದನ್ನು ಅಕ್ಕನಿಗಾಗಿ ಮಾಡಿದೆವು, ಆದರೆ ಲಾಭ ಆದದ್ದು ಎಲ್ಲರಿಗೂ. ಎಂದೂ ಬಾಯಿ ತೆರೆಯದ ಇಬ್ಬರು ತಂಗಿಯರು ಈಗ ಮಾತಾಡುತ್ತಿದ್ದಾರೆ.

ವಸೂಲು ಮಾಡಿದ್ದ ದಂಡವನ್ನು ಅಕ್ಕನ ಉಳಿತಾಯಕ್ಕೆ ಜಮಾ ಮಾಡಿ, ಎಲ್ಲರ ಮುಂದೆ ತಪ್ಪಾಯಿತು ಅಂದೆವು. ಈಗಲೂ ಅವರು ಬಾಗಿಲ ಹತ್ತಿರವೇ ಕೂಡುತ್ತಾರೆ. ಆ ಜಾಗದಲ್ಲಿ ಬೇರೆ ಯಾರೂ ಕೂಡುವುದಿಲ್ಲ. ಅರ್ಧ ತಾಸು ಕೂತು, ಲೆಕ್ಕ ಕೇಳಿ, ತಾವೇ ಒಮ್ಮೆ ರೊಕ್ಕ ಎಣಿಸಿ ಎದ್ದು ಹೋಗುತ್ತಾರೆ. ಎಣಿಕೆ ತಪ್ಪಿದರೆ ಪಕ್ಕದವರು "ಇರಲಿ ಬಿಡಕ್ಕಾ, ಇನ್ನೊಮ್ಮೆ ಎಣಸೂಣು" ಅನ್ನುತ್ತಾರೆ.

ನಿಮ್ಮ ಸಂಘದಲ್ಲೂ ಬಾಗಿಲ ಹತ್ತಿರ ಕೂಡುವವರು ಇರಬಹುದು, ಬರುವುದನ್ನೇ ಬಿಟ್ಟವರು ಇರಬಹುದು. ಇವತ್ತು ಊರಿಗೆ ಹೋದ ಮೇಲೆ ಅವರ ಮನೆಗೆ ಹೋಗಿ. ಬುದ್ಧಿ ಹೇಳಬೇಡಿ. "ಏನಾಗ್ತೈತಿ, ಹೇಳವ್ವಾ" ಅಂತ ಕೇಳಿ, ಕೂತು ಕೇಳಿಸಿಕೊಳ್ಳಿ.



ಸಂಘದ ಸಭೆಯಲ್ಲಿ ಚರ್ಚಿಸಲು

1. ಕಳೆದ ಆರು ತಿಂಗಳಲ್ಲಿ ನಮ್ಮ ಸಂಘಕ್ಕೆ ಬರುವುದನ್ನು ಬಿಟ್ಟವರು ಯಾರು? ಕಾರಣ ನಾವು ಕೇಳಿದ್ದೇವೆಯೇ?
2. ನಮ್ಮ ತಾಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಯಾವ ದಿನ ಬರುತ್ತಾರೆ? ವಿಚಾರಿಸಿ ಬರುವವರು ಯಾರು?
3. ದಂಡದ ನಿಯಮದಲ್ಲಿ ಏನು ಬದಲಾವಣೆ ಬೇಕು?